ನಾಯಿಯ ಕುಟುಂಬವೂ ಅದರ ಶಾಸ್ತ್ರೀಯ ಹೆಸರುಗಳೂ

(ಗ್ರಾಮಸ್ಥರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಈ ದಿನ ಬಿತ್ತನೆಯ ವಿಷಯವನ್ನಾಗಲಿ ಗೊಬ್ಬರದ ವಿಷಯವನ್ನಾಗಲಿ ಹೇಳಲು ನಾನು ನಿಂತಿಲ್ಲ. ನಾಯಿ, ತೋಳ, ನರಿ ಇವುಗಳನ್ನು ಕುರಿತು, ಅದರಲ್ಲಿಯೂ ಪ್ರಾಣಿಶಾಸ್ತ್ರಜ್ಞರು ಇವುಗಳಿಗೆ ಇಟ್ಟಿರುವ ಹೆಸರುಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. "ಹೆಸರು ಕಟ್ಟಿಕೊಂಡು ನಮಗೇನಾಗಬೇಕು? ಹೋದ ಕುರಿ ಹೋಯಿತು" ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಮೊದಲು ಉತ್ತರ ಹೇಳಿ ಮುಂದೆ ಹೋಗುತ್ತೇನೆ.

ನಮ್ಮ ಮಾತಿನಲ್ಲಿ "ನರಿ" ಎಂಬ ಒಂದೇ ಹೆಸರು ಎರಡು ಪ್ರಾಣಿಗಳಿಗೆ ನಡೆಯುತ್ತದೆ. "ಗುಳ್ಳೆನರಿ" ಎಂದರೆ ಒಂದು ಕಡೆ ಒಂದು ಪ್ರಾಣಿ, ಇನ್ನೊಂದು ಕಡೆ ಇನ್ನೊಂದು. "ಕಿರುಬ" ಎಂದು ಕೆಲವರು ಚಿರತೆಗೆ ಹೇಳುತ್ತಾರೆ, ಕೆಲವರು ಕತ್ತೆಕಿರುಬಕ್ಕೆ ಹೇಳುತ್ತಾರೆ. ಇನ್ನು ಕಾಡಿನ ಕೆಂಪು ನಾಯಿಗೆ ಸೀಳುನಾಯಿ, ಕಾಡುನಾಯಿ, ಕೆನ್ನಾಯಿ ಎಂದು ಮೂರು ಹೆಸರು. ಮಕ್ಕಳಿಗೆ ಹೇಳುವ ಕಥೆಗಳಲ್ಲಿಯೂ ಇದೇ ಗೊಂದಲ. ಪಂಚತಂತ್ರದ ಕರಟಕ ದಮನಕರೂ ನರಿಗಳೇ, ದ್ರಾಕ್ಷಿ ಹುಳಿ ಎಂದು ಹೇಳಿ ಹೋದ ಈಸೋಪನ ಪ್ರಾಣಿಯೂ ನರಿಯೇ. ಆದರೆ ನಿಜವಾಗಿ ಅವೆರಡೂ ಬೇರೆ ಬೇರೆ ಪ್ರಾಣಿಗಳು.

ಕಥೆಯಲ್ಲಿ ಇದರಿಂದ ನಷ್ಟವಿಲ್ಲ. ಹಟ್ಟಿಯಲ್ಲಿ ನಷ್ಟವಿದೆ. ನಾಯಿ ಕಡಿದ ಕುರಿಯನ್ನು ತೋಳ ಕಡಿಯಿತೆಂದು ಅರ್ಜಿ ಕೊಟ್ಟರೆ ಅರ್ಜಿ ನಿಲ್ಲುವುದಿಲ್ಲ. ತೋಳದ ಮೇಲಿನ ಸಿಟ್ಟಿಗೆ ವಿಷವಿಟ್ಟರೆ, ಹೊಲದ ಇಲಿಗಳನ್ನು ತಿಂದು ಬದುಕುವ ಸಣ್ಣ ನರಿ ಸಾಯುತ್ತದೆ. ನಾಯಿಗೂ ನರಿಗೂ ಏನು ಸಂಬಂಧವೆಂದು ತಿಳಿಯದಿದ್ದರೆ ಒಂದರ ರೋಗ ಇನ್ನೊಂದಕ್ಕೆ ಹತ್ತಿ, ಕೊನೆಗೆ ಮನುಷ್ಯನಿಗೆ ಬರುತ್ತದೆ. ಆದ್ದರಿಂದ ಮೊದಲು ಪ್ರಾಣಿ ಯಾವುದೆಂದು ಗೊತ್ತುಮಾಡಿಕೊಳ್ಳಿ, ಆಮೇಲೆ ಉಪಾಯ ಮಾಡಿ. ನಾನು ಹೇಳಬೇಕೆಂದಿರುವುದು ಇಷ್ಟೇ.

ಶಾಸ್ತ್ರೀಯ ಹೆಸರು ಎಂದರೇನು?

ಒಂದು ಊರಿನಲ್ಲಿ ಬಸಪ್ಪ ಎಂಬ ಹೆಸರಿನವರು ನಾಲ್ಕು ಜನ ಇದ್ದರೆ ನಾವು ಏನು ಮಾಡುತ್ತೇವೆ? ಮನೆತನದ ಹೆಸರನ್ನು ಮುಂದೆ ಸೇರಿಸಿ ಕರೆಯುತ್ತೇವೆ. ಆಗ ಯಾವ ಬಸಪ್ಪನೆಂದು ಸಂಶಯ ಉಳಿಯುವುದಿಲ್ಲ. ಪ್ರಾಣಿಶಾಸ್ತ್ರದ ಹೆಸರೂ ಹೀಗೆಯೇ ಎರಡು ಪದದ್ದು. ಮೊದಲ ಪದ ಕುಲದ್ದು, ಎರಡನೆಯ ಪದ ಆ ಪ್ರಾಣಿಯದು. ಸ್ವೀಡನ್ ದೇಶದ ಕಾರ್ಲ್ ಲಿನೇಯಸ್ ಎಂಬ ಪಂಡಿತರು ೧೭೫೮ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರಾಣಿಗಳಿಗೆಲ್ಲ ಈ ಪದ್ಧತಿಯಂತೆ ಹೆಸರಿಟ್ಟರು. ಹೆಸರುಗಳು ಲ್ಯಾಟಿನ್ ರೂಪದವು. ಬೀದರಿನಲ್ಲಿರಲಿ, ಚಾಮರಾಜನಗರದಲ್ಲಿರಲಿ, ಪರದೇಶದಲ್ಲಿರಲಿ, ಆ ಹೆಸರು ಬದಲಾಗುವುದಿಲ್ಲ.

ಒಂದರ ಮೇಲೊಂದು ಮೆಟ್ಟಿಲಿನಂತೆ ಇದನ್ನು ತಿಳಿಯಬಹುದು. ಎಲ್ಲಕ್ಕಿಂತ ಕೆಳಗಿನದು ಪ್ರಭೇದ. ಅಂದರೆ ತಮ್ಮ ತಮ್ಮಲ್ಲಿ ಕೂಡಿ ಮರಿಮಾಡಿಕೊಂಡು ಬರುವ ಒಂದೇ ಬಗೆಯ ಪ್ರಾಣಿಗಳು. ಹತ್ತಿರದ ಪ್ರಭೇದಗಳು ಸೇರಿ ಒಂದು ಕುಲ. ಹತ್ತಿರದ ಕುಲಗಳು ಸೇರಿ ಒಂದು ಕುಟುಂಬ. ಅದರ ಮೇಲೆ ಗಣ. ನಾಯಿಯ ಕುಟುಂಬಕ್ಕೆ ಕ್ಯಾನಿಡೇ ಎಂದು ಹೆಸರು. ಅದು ಸೇರಿರುವ ಗಣ ಕಾರ್ನಿವೋರಾ, ಅಂದರೆ ಮಾಂಸಾಹಾರಿಗಳ ಗಣ. ಬೆಕ್ಕು, ಹುಲಿ, ಕರಡಿ, ಮುಂಗುಸಿ ಇವೂ ಅದೇ ಗಣದವು. ಆದರೆ ಕುಟುಂಬ ಬೇರೆ ಬೇರೆ.

ಪ್ರಭೇದದೊಳಗೆ ಮನುಷ್ಯನು ಆರಿಸಿ ಬೆಳೆಸಿದ್ದು ತಳಿ. ಇದು ರೈತರಿಗೆ ಹೊಸದಲ್ಲ. ಜೋಳ ಒಂದೇ ಪ್ರಭೇದ. ಎಂ ೩೫-೧ ಅದರಲ್ಲಿ ಒಂದು ತಳಿ. ಅದರಂತೆಯೇ ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ಒಂದು ತಳಿ. ೨೦೦೫ರಲ್ಲಿ ಅಂಚೆ ಇಲಾಖೆಯವರು ಅದರ ಚಿತ್ರದ ಅಂಚೆಚೀಟಿ ತಂದರು. ಬೀದಿಯ ನಾಯಿಗೂ ಮುಧೋಳದ ನಾಯಿಗೂ ರೂಪ ಎಷ್ಟೇ ಬೇರೆಯಾದರೂ ಶಾಸ್ತ್ರದಲ್ಲಿ ಎರಡೂ ಒಂದೇ ಪ್ರಾಣಿ.

ನಮ್ಮ ನಾಡಿನ ಐವರು

ಕರ್ನಾಟಕದಲ್ಲಿ ಈ ಕುಟುಂಬದ ಐದು ಪ್ರಾಣಿಗಳಿವೆ. ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ನಾಯಿ. ಲಿನೇಯಸರು ಇಟ್ಟ ಹೆಸರು ಕ್ಯಾನಿಸ್ ಫೆಮಿಲಿಯಾರಿಸ್. ಕ್ಯಾನಿಸ್ ಎಂದರೆ ನಾಯಿ, ಫೆಮಿಲಿಯಾರಿಸ್ ಎಂದರೆ ಮನೆಗೆ ಸೇರಿದ್ದು. ನಾಯಿ ಹುಟ್ಟಿದ್ದು ಹಳೆಯ ಕಾಲದ ತೋಳಗಳಿಂದ. ಒಕ್ಕಲುತನ ಆರಂಭವಾಗುವುದಕ್ಕೆ ಮೊದಲೇ, ಮನುಷ್ಯ ಬೇಟೆಯಾಡಿ ಬದುಕುತ್ತಿದ್ದಾಗಲೇ ಅದು ಅವನ ಜೊತೆಗೆ ಬಂದಿತ್ತು. ದನ, ಕುರಿ, ಮೇಕೆ ಎಲ್ಲವೂ ಆಮೇಲೆ ಬಂದವು. ಈ ಕಾರಣದಿಂದ ಕೆಲವು ವಿದ್ವಾಂಸರು ನಾಯಿಯನ್ನು ತೋಳದ ಒಂದು ಉಪಪ್ರಭೇದವೆಂದೇ ಎಣಿಸಿ ಕ್ಯಾನಿಸ್ ಲೂಪಸ್ ಫೆಮಿಲಿಯಾರಿಸ್ ಎಂದು ಬರೆಯುತ್ತಾರೆ. ಎರಡು ಹೆಸರೂ ರೂಢಿಯಲ್ಲಿವೆ.

ಎರಡನೆಯದು ತೋಳ, ಕ್ಯಾನಿಸ್ ಲೂಪಸ್. ನಮ್ಮ ಬಯಲುಸೀಮೆಯ ತೋಳಕ್ಕೆ ಮೂರನೆಯ ಪದವೊಂದನ್ನು ಸೇರಿಸಿ ಕ್ಯಾನಿಸ್ ಲೂಪಸ್ ಪಾಲಿಪೆಸ್ ಎನ್ನುತ್ತಾರೆ. ಆ ಹೆಸರು ನಮ್ಮ ದಖ್ಖನ್ ಪ್ರಸ್ಥಭೂಮಿಯ ತೋಳವನ್ನು ನೋಡಿ ಇಟ್ಟದ್ದು. ಇಟ್ಟವರು ಸೈನ್ಯಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್, ೧೮೩೧ರಲ್ಲಿ. ಪಾಲಿಪೆಸ್ ಎಂದರೆ ಮಾಸಲು ಬಣ್ಣದ ಕಾಲಿನದು. ತೂಕ ಸುಮಾರು ೨೦ ಕಿಲೋ. ಉದ್ದ ಕಾಲು, ಕಂದು ಬೆರೆತ ಬೂದು ಬಣ್ಣ, ಕೆಳಕ್ಕೆ ಇಳಿಬಿಟ್ಟ ಬಾಲ. ಇದು ದಟ್ಟವಾದ ಅಡವಿಯ ಪ್ರಾಣಿಯಲ್ಲ. ಹುಲ್ಲುಗಾವಲು, ಕುರುಚಲು ಗುಡ್ಡ, ಬೀಳು ಭೂಮಿಯದು. ಕೃಷ್ಣಮೃಗ, ಮೊಲಗಳು ಇರುವಲ್ಲಿ ಅವನ್ನು ಹಿಡಿಯುತ್ತದೆ. ಅವು ಕಡಿಮೆಯಾದಲ್ಲಿ ಕುರಿ ಮೇಕೆಗಳೇ ಅದಕ್ಕೆ ಆಧಾರ. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ೧೯೭೪ರಲ್ಲಿ ಅಭಯಾರಣ್ಯ ಮಾಡಿದ್ದು ಮುಖ್ಯವಾಗಿ ತೋಳಕ್ಕಾಗಿಯೇ.

ಮೂರನೆಯದು ನಾವು ಸಾಮಾನ್ಯವಾಗಿ ನರಿ ಎನ್ನುವ, ಸಂಜೆಯಾದೊಡನೆ ಗುಂಪಿನಲ್ಲಿ ಊಳಿಡುವ ಪ್ರಾಣಿ. ಅದು ಕ್ಯಾನಿಸ್ ಆರಿಯಸ್. ಆರಿಯಸ್ ಎಂದರೆ ಹೊನ್ನಿನ ಬಣ್ಣದ್ದು. ತೂಕ ೮ ರಿಂದ ೧೧ ಕಿಲೋ; ಅಂದರೆ ತೋಳದ ಅರ್ಧದಷ್ಟು. ಕಬ್ಬಿನ ಗದ್ದೆ, ಹಳ್ಳದ ಪೊದೆ, ಊರಂಚು ಇದರ ವಾಸ. ಇಲಿ, ಸತ್ತ ದನದ ಮಾಂಸ, ಬೋರೆಹಣ್ಣು, ಕಲ್ಲಂಗಡಿ ಎಲ್ಲವನ್ನೂ ತಿನ್ನುತ್ತದೆ. ಕಬ್ಬನ್ನೂ ಕಡಿಯುತ್ತದೆ. ಕಾವಲಿಲ್ಲದ ಎಳೆಯ ಮರಿಯನ್ನು ಕದಿಯಬಹುದು. ಬೆಳೆದ ಕುರಿಯ ಮೇಲೆ ಬೀಳುವುದು ಅಪರೂಪ.

ನಾಲ್ಕನೆಯದು ಹೊಲದ ಸಣ್ಣ ನರಿ. ಇದೇ ಗೊಂದಲಕ್ಕೆ ಮುಖ್ಯ ಕಾರಣ. ಇದರ ಹೆಸರು ವಲ್ಪೆಸ್ ಬೆಂಗಾಲೆನ್ಸಿಸ್. ಗಮನಿಸಿ, ಮೊದಲ ಪದವೇ ಬೇರೆ. ಅಂದರೆ ಕುಲವೇ ಬೇರೆ. ತೂಕ ೨ ರಿಂದ ೩ ಕಿಲೋ ಮಾತ್ರ. ಬೆಕ್ಕಿಗಿಂತ ಅಷ್ಟೇನೂ ದೊಡ್ಡದಲ್ಲ. ದೊಡ್ಡ ಕಿವಿ, ಚೂಪು ಮೂತಿ, ಪೊದೆಯಂಥ ಬಾಲ, ಬಾಲದ ತುದಿ ಕಪ್ಪು. ಎರೆಹೊಲದ ಬದುವಿನಲ್ಲಿ, ಬೀಳಿನಲ್ಲಿ ಹಲವು ಬಾಯಿಗಳಿರುವ ಬಿಲ ತೋಡಿಕೊಂಡಿರುತ್ತದೆ. ಇಲಿ, ಗೆದ್ದಲು, ಮಿಡತೆ, ಜೀರುಂಡೆ, ಏಡಿ, ಹಣ್ಣು ಇದರ ಆಹಾರ. ಇದು ಕುರಿಯನ್ನು ಕೊಲ್ಲಬಲ್ಲ ಪ್ರಾಣಿಯಲ್ಲ. ಇಲಿಯ ಕಾಟ ಬಲ್ಲ ರೈತನಿಗೆ ಇದರ ಉಪಯೋಗವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ನರಿಮುಖ ನೋಡಿದರೆ ಒಳ್ಳೆಯದಾಗುತ್ತದೆ ಎಂಬ ನಮ್ಮ ಹಿರಿಯರ ಮಾತು ಈ ಪ್ರಾಣಿಯ ಮಟ್ಟಿಗಂತೂ ಹೊಲದಲ್ಲಿ ನಿಜವಾಗುತ್ತದೆ. ಆದರೆ ಒಳ್ಳೆಯದಾಗಬೇಕೆಂದು ಅದನ್ನು ಹಿಡಿದು ಕಟ್ಟಿಹಾಕಬಾರದು. "ನರಿಕೊಂಬು" ಎಂದು ಮಾರುವವರನ್ನೂ ನಂಬಬಾರದು. ಈ ಕುಟುಂಬದ ಯಾವ ಪ್ರಾಣಿಗೂ ಕೊಂಬಿಲ್ಲ.

ಐದನೆಯದು ಸೀಳುನಾಯಿ, ಕ್ಯುಯಾನ್ ಆಲ್ಪೈನಸ್. ಇಲ್ಲಿಯೂ ಕುಲ ಬೇರೆ. ನಾಯಿ, ತೋಳ, ನರಿಗಳಿಗೆ ಬಾಯಲ್ಲಿ ೪೨ ಹಲ್ಲು, ಸೀಳುನಾಯಿಗೆ ೪೦. ಮೈ ಕೆಂಪು, ಬಾಲ ಕಪ್ಪು. ಬೊಗಳುವುದಕ್ಕೆ ಬದಲಾಗಿ ಸಿಳ್ಳು ಹಾಕಿದಂತೆ ಕೂಗಿ ಒಂದನ್ನೊಂದು ಕರೆಯುತ್ತವೆ. ಬಂಡೀಪುರ, ನಾಗರಹೊಳೆ, ಭದ್ರಾ, ದಾಂಡೇಲಿ ಕಡೆಯ ಅಡವಿಗಳಲ್ಲಿ ಗುಂಪಾಗಿ ಬೇಟೆಯಾಡುತ್ತವೆ. ಊರಿನಿಂದ ಅಡವಿಗೆ ಓಡಿಹೋದ ನಾಯಿಗಳೇ ಸೀಳುನಾಯಿಯಾದವೆಂಬುದು ತಪ್ಪು ತಿಳುವಳಿಕೆ. ನಾಯಿಗೂ ತೋಳಕ್ಕೂ ಕೂಡಿದರೆ ಮರಿಯಾಗುತ್ತದೆ, ಆ ಮರಿಗೂ ಸಂತಾನವಾಗುತ್ತದೆ. ನಾಯಿಗೂ ಸೀಳುನಾಯಿಗೂ ಅಂಥ ಹತ್ತಿರದ ಸಂಬಂಧವಿಲ್ಲ. ಹಿಂದೆ ಸೀಳುನಾಯಿಯನ್ನು ಪೀಡೆಯೆಂದು ಎಣಿಸಿ, ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ೧೯೭೨ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ನಿಂತಿತು. ಈಗ ಅದು ಜಗತ್ತಿನಲ್ಲಿಯೇ ಅಳಿವಿನ ಅಂಚಿಗೆ ಬಂದಿರುವ ಪ್ರಾಣಿ.

ಕುಟುಂಬಕ್ಕೆ ಸೇರದ ನೆಂಟ

ಕತ್ತೆಕಿರುಬವನ್ನು ನೋಡಿದವರು ಅದನ್ನು ನಾಯಿಯ ಜಾತಿಯೆಂದೇ ಹೇಳುತ್ತಾರೆ. ತಮಗೆ ಮಾತ್ರ ಹಾಗೆ ತೋರುವುದೆಂದು ತಿಳಿಯಬೇಡಿ. ಲಿನೇಯಸರೂ ೧೭೫೮ರಲ್ಲಿ ಅದನ್ನು ನಾಯಿಯ ಕುಲಕ್ಕೇ ಸೇರಿಸಿ ಕ್ಯಾನಿಸ್ ಹಯೀನಾ ಎಂದು ಬರೆದಿದ್ದರು. ಆಮೇಲಿನವರು ಅದರ ಹಲ್ಲು, ತಲೆಬುರುಡೆ, ಕಿವಿಯ ಮೂಳೆಗಳನ್ನು ಪರೀಕ್ಷಿಸಿ ಅದು ಬೇರೆ ಕುಟುಂಬವೆಂದು ತೋರಿಸಿದರು. ಈಗ ಅದರ ಹೆಸರು ಹಯೀನಾ ಹಯೀನಾ. ನಾಯಿಗಿಂತಲೂ ಅದು ಬೆಕ್ಕು ಮುಂಗುಸಿಗಳಿಗೆ ಹತ್ತಿರದ್ದು. ಮುಂಗಾಲು ಎತ್ತರ, ಹಿಂಗಾಲು ಗಿಡ್ಡ, ಬೆನ್ನು ಇಳಿಜಾರು, ಮೈಮೇಲೆ ಪಟ್ಟೆ. ಹೆಚ್ಚಾಗಿ ಸತ್ತ ಪ್ರಾಣಿಗಳ ಮೂಳೆ ಮಾಂಸ ತಿಂದು ಊರಂಚನ್ನು ಶುದ್ಧಮಾಡುತ್ತದೆ. ಕಣ್ಣಿಗೆ ಒಂದೇ ರೀತಿ ಕಂಡದ್ದೆಲ್ಲ ಒಂದೇ ಕುಟುಂಬವಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಕುರಿ ಕೊಂದವರು ಯಾರು?

ಈಗ ಹಟ್ಟಿಯ ಮಾತಿಗೆ ಬರೋಣ. ಬೆಳಗ್ಗೆ ಎದ್ದು ನೋಡಿದಾಗ ಕುರಿ ಸತ್ತಿದ್ದರೆ ಮೊದಲು ಜನರನ್ನು ದೂರ ನಿಲ್ಲಿಸಿ. ಹೆಜ್ಜೆಯ ಗುರುತು ತುಳಿದು ಅಳಿಸಿಹೋಗಬಾರದು.

ಹೆಜ್ಜೆ ದುಂಡಗಿದ್ದು ಉಗುರಿನ ಗುರುತಿಲ್ಲದಿದ್ದರೆ ಅದು ಚಿರತೆಯಿರಬಹುದು. ಬೆಕ್ಕಿನ ಕುಟುಂಬದವು ಉಗುರನ್ನು ಒಳಗೆ ಎಳೆದುಕೊಂಡು ನಡೆಯುತ್ತವೆ. ನಾಯಿಯ ಕುಟುಂಬದ ಹೆಜ್ಜೆ ಉದ್ದನೆಯದು. ನಾಲ್ಕು ಬೆರಳು, ಬೆರಳಿನ ಮುಂದೆ ಉಗುರಿನ ಚುಕ್ಕೆ ಕಾಣುತ್ತದೆ. ಕತ್ತೆಕಿರುಬಕ್ಕೂ ಉಗುರು ಕಾಣುತ್ತದೆ, ಆದರೆ ಮುಂಗಾಲಿನ ಹೆಜ್ಜೆ ಹಿಂಗಾಲಿನದಕ್ಕಿಂತ ಎದ್ದುಕಾಣುವಷ್ಟು ದೊಡ್ಡದು.

ತರುವಾಯ ಗಾಯ ನೋಡಿ. ತೋಳ ಸಾಮಾನ್ಯವಾಗಿ ಕುತ್ತಿಗೆ ಗಂಟಲನ್ನು ಹಿಡಿದು ಕೊಲ್ಲುತ್ತದೆ, ಮರಿಯಾದರೆ ಎತ್ತಿಕೊಂಡೇ ಹೋಗುತ್ತದೆ. ಅದು ಹೊಟ್ಟೆಗಾಗಿ ಬಂದದ್ದು. ತಿನ್ನುತ್ತದೆ ಇಲ್ಲವೆ ಒಯ್ಯುತ್ತದೆ. ಊರನಾಯಿಗಳ ಗುಂಪು ಹಾಗಲ್ಲ. ತೊಡೆ, ಕಾಲು, ಕಿವಿ, ಬಾಲ ಎಂದು ಸಿಕ್ಕಿದಲ್ಲೆಲ್ಲ ಕಡಿಯುತ್ತವೆ. ಹಲವು ಕುರಿಗಳಿಗೆ ಗಾಯಮಾಡಿ, ತಿನ್ನದೆ ಬಿಟ್ಟುಹೋಗುತ್ತವೆ. ಒಂದೇ ರಾತ್ರಿ ಅನೇಕ ಕುರಿಗಳು ಹರಿದುಬಿದ್ದು, ತಿಂದ ಗುರುತು ಕಡಿಮೆಯಿದ್ದರೆ ಮೊದಲು ನಾಯಿಗಳ ಮೇಲೆ ಸಂಶಯಪಡಬೇಕು.

ಕಾಡುಪ್ರಾಣಿ ಕೊಂದ ಜಾನುವಾರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವ ಏರ್ಪಾಡು ಇದೆ. ಹೆಣವನ್ನು ಎಳೆದುಹಾಕದೆ, ಸುಡದೆ, ಆ ದಿನವೇ ಅರಣ್ಯ ಸಿಬ್ಬಂದಿಗೂ ಪಶುವೈದ್ಯರಿಗೂ ತಿಳಿಸಿ. ಹೆಜ್ಜೆಯ ಮೇಲೆ ಒಂದು ಬುಟ್ಟಿ ಕವುಚಿಟ್ಟರೆ ಅಧಿಕಾರಿಗಳು ಬರುವವರೆಗೆ ಗುರುತು ಉಳಿಯುತ್ತದೆ. ಮೊಬೈಲಿನಲ್ಲಿ ಗಾಯದ್ದೂ ಹೆಜ್ಜೆಯದ್ದೂ ಚಿತ್ರ ತೆಗೆಯಿರಿ. ಹೆಜ್ಜೆಯ ಪಕ್ಕದಲ್ಲಿ ಅಳತೆಗಾಗಿ ಒಂದು ಬೆಂಕಿಪೊಟ್ಟಣ ಇಡಿ. "ಯಾವುದೋ ಪ್ರಾಣಿ" ಎಂದು ಬರೆದ ಅರ್ಜಿಗಿಂತ, ಗುರುತು ಸಮೇತ "ತೋಳ" ಎಂದು ಬರೆದ ಅರ್ಜಿಗೆ ಬೆಲೆ ಹೆಚ್ಚು.

ವಿಷ ಇಡುವುದು ಬೇಡ

ಸತ್ತ ಕುರಿಗೆ ಕೀಟನಾಶಕ ಸುರಿದು ಬಿಡುವ ಪದ್ಧತಿ ಕೆಲವು ಕಡೆ ಇದೆ. ವಿಷಕ್ಕೆ ಶಾಸ್ತ್ರೀಯ ಹೆಸರು ಗೊತ್ತಿಲ್ಲ. ಅದು ಪ್ರಾಣಿಯನ್ನು ಆರಿಸಿ ಕೊಲ್ಲುವುದಿಲ್ಲ. ತೋಳ ಬರುವುದಕ್ಕೆ ಮೊದಲು ಸಣ್ಣ ನರಿ, ಹದ್ದು, ಕಾಗೆ, ತಮ್ಮದೇ ಹಟ್ಟಿಯ ನಾಯಿ ಸಾಯುತ್ತವೆ. ಮೇಲಾಗಿ ತೋಳ, ಎರಡು ಬಗೆಯ ನರಿ, ಸೀಳುನಾಯಿ, ಕತ್ತೆಕಿರುಬ ಎಲ್ಲವೂ ೧೯೭೨ರ ಕಾಯ್ದೆಯ ರಕ್ಷಣೆಗೆ ಒಳಪಟ್ಟಿವೆ. ಕೊಲ್ಲುವುದು ಅಪರಾಧ. ಆ ಕಾಯ್ದೆಯ ಪಟ್ಟಿಯಲ್ಲಿ ಪ್ರಾಣಿಗಳ ಹೆಸರಿನ ಜೊತೆಗೆ ಶಾಸ್ತ್ರೀಯ ಹೆಸರನ್ನೂ ಬರೆದಿದ್ದಾರೆ. "ನಾನು ಕೊಂದದ್ದು ಬೇರೆ ನರಿ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ವಿಷಕ್ಕಿಂತ ಕಾವಲು ಮೇಲು. ರಾತ್ರಿ ಕುರಿಗಳನ್ನು ಬಲೆ ಅಥವಾ ಎತ್ತರದ ಮುಳ್ಳುಬೇಲಿಯ ಒಳಗೆ ಕೂಡಿ. ಎಳೆಯ ಮರಿಗಳನ್ನು ಬೇರೆಯಾಗಿ, ಮುಚ್ಚುವ ಹಾಗಿರುವ ಗೂಡಿನಲ್ಲಿ ಇಡಿ. ಮಂದೆ ಹೊಲದಲ್ಲಿ ನಿಂತಿರುವಾಗ ಒಬ್ಬರಾದರೂ ಎಚ್ಚರವಿರಬೇಕು; ಬ್ಯಾಟರಿ ದೀಪವಿರಲಿ. ಸತ್ತ ದನ ಕುರಿಗಳನ್ನೂ ಕೋಳಿಯ ಕಸವನ್ನೂ ಊರಂಚಿನಲ್ಲಿ ಎಸೆಯದೆ ಆಳವಾದ ಗುಂಡಿಯಲ್ಲಿ ಹೂಳಿ. ಎಸೆದ ಮಾಂಸ ತಿಂದೇ ನಾಯಿಗಳ ಗುಂಪು ಬೆಳೆಯುವುದು.

ಒಂದೇ ಕುಟುಂಬ, ಒಂದೇ ರೋಗ

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಒಂದೇ ಕುಟುಂಬದ ಪ್ರಾಣಿಗಳಿಗೆ ಒಂದರ ರೋಗ ಇನ್ನೊಂದಕ್ಕೆ ಸುಲಭವಾಗಿ ತಗಲುತ್ತದೆ. ಊರನಾಯಿಗೆ ಬರುವ ಡಿಸ್ಟೆಂಪರ್ ರೋಗ ನರಿಗೂ ತೋಳಕ್ಕೂ ಬರುತ್ತದೆ. ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ನಾಯಿಯಿಂದ ನರಿಗೆ, ನರಿಯಿಂದ ನಾಯಿಗೆ, ಎರಡರಿಂದಲೂ ದನಕ್ಕೂ ಮನುಷ್ಯನಿಗೂ ಬರುತ್ತದೆ. ಹೆದರದೆ ಹಗಲಿನಲ್ಲಿಯೇ ಊರೊಳಗೆ ನುಗ್ಗಿ ಕಂಡವರನ್ನೆಲ್ಲ ಕಚ್ಚುವ ನರಿ ಅಥವಾ ತೋಳ ಬಹುಮಟ್ಟಿಗೆ ಈ ರೋಗ ಹತ್ತಿದ್ದೇ. ನಮ್ಮ ದೇಶದಲ್ಲಿ ಮನುಷ್ಯರಿಗೆ ಈ ರೋಗ ಬರುವುದು ಬಹುಪಾಲು ನಾಯಿಯ ಕಡಿತದಿಂದ.

ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆಂದೇ ಹೇಳಬೇಕು. ಲಕ್ಷಣ ಕಾಣುವ ಮೊದಲು ಲಸಿಕೆ ಹಾಕಿಸಿಕೊಂಡರೆ ಪ್ರಾಣ ಉಳಿಯುತ್ತದೆ. ಫ್ರಾನ್ಸಿನ ಲೂಯಿ ಪಾಶ್ಚರರು ೧೮೮೫ರ ಜುಲೈ ೬ರಂದು ನಾಯಿ ಕಚ್ಚಿದ ಹುಡುಗನೊಬ್ಬನಿಗೆ ಇದರ ಲಸಿಕೆ ಕೊಡಿಸಲು ಆರಂಭಿಸಿದರು, ಹುಡುಗ ಬದುಕಿದ. ನಾಯಿ, ನರಿ, ತೋಳ ಯಾವುದೇ ಕಚ್ಚಲಿ, ಆ ಕ್ಷಣವೇ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನಪುಡಿ, ಎಕ್ಕದ ಹಾಲು ಹಚ್ಚಬೇಡಿ. ಆ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೊಟ್ಟೆಗೆ ಹದಿನಾಲ್ಕು ಸೂಜಿ ಎಂಬ ಹೆದರಿಕೆ ಈಗ ಬೇಡ. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ ನಿಂತುಹೋಗಿದೆ. ಈಗಿನದು ತೋಳಿಗೆ ಹಾಕುವಂಥದ್ದು. ವೈದ್ಯರು ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸಬಾರದು. ಗಾಯ ಆಳವಾಗಿದ್ದರೆ ಗಾಯದ ಸುತ್ತ ಹಾಕುವ ಬೇರೊಂದು ಔಷಧವೂ ಬೇಕಾಗುತ್ತದೆ. ಮಕ್ಕಳು ಬೈಗುಳಕ್ಕೆ ಹೆದರಿ ಕಡಿತವನ್ನು ಮುಚ್ಚಿಡುತ್ತಾರೆ. ಅವರನ್ನು ಬೈಯದೆ ಕೇಳಿ ತಿಳಿಯಿರಿ.

ಸಾಕಿದ ನಾಯಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ ಹಾಕಿಸಿ. ಹಟ್ಟಿಯ ನಾಯಿಗೆ ಲಸಿಕೆ ಹಾಕಿಸಿದರೆ ಕುರಿ, ಕುರಿಗಾರ, ಹೊಲದ ನರಿ ಮೂವರಿಗೂ ಕಾವಲಾಯಿತು.

ಇನ್ನೊಂದು ಸಂಗತಿ. ಕುರಿ ಕೊಯ್ದಾಗ ಈಲಿಯಲ್ಲಿ, ಪುಪ್ಪುಸದಲ್ಲಿ ನೀರು ತುಂಬಿದ ಗುಳ್ಳೆಗಳು ಕಂಡರೆ ಅದನ್ನು ನಾಯಿಗೆ ಎಸೆಯಬೇಡಿ. ಅವು ಒಂದು ಬಗೆಯ ಲಾಡಿಹುಳುವಿನ ಮರಿಗಳು. ನಾಯಿ ತಿಂದರೆ ಅದರ ಕರುಳಿನಲ್ಲಿ ಹುಳುವಾಗಿ, ಮಲದಲ್ಲಿ ಮೊಟ್ಟೆ ಬಿದ್ದು, ಮತ್ತೆ ಕುರಿಗೂ ಮನುಷ್ಯನಿಗೂ ಸೇರುತ್ತದೆ. ಮನುಷ್ಯನಲ್ಲಿಯೂ ಅಂಥದೇ ಗುಳ್ಳೆ ಬೆಳೆದು ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಗುಳ್ಳೆಯಿರುವ ಭಾಗವನ್ನು ಸುಡಿ ಇಲ್ಲವೆ ಹೂಳಿ. ನಾಯಿಗೆ ಹುಳುವಿನ ಔಷಧವನ್ನು ಪಶುವೈದ್ಯರನ್ನು ಕೇಳಿ ಕೊಡಿಸಿ.

ಬಾಂಧವರೆ, ಲ್ಯಾಟಿನ್ ಹೆಸರುಗಳನ್ನು ಬಾಯಿಪಾಠ ಮಾಡಬೇಕೆಂದು ನಾನು ಹೇಳುವುದಿಲ್ಲ. ಅವು ಕಲಿಸುವ ಪಾಠ ನೆನಪಿದ್ದರೆ ಸಾಕು. ತೋಳ ಬೇರೆ, ಊಳಿಡುವ ನರಿ ಬೇರೆ, ಹೊಲದ ಸಣ್ಣ ನರಿ ಬೇರೆ, ಊರನಾಯಿ ಬೇರೆ. ಒಂದರ ತಪ್ಪಿಗೆ ಇನ್ನೊಂದನ್ನು ಶಿಕ್ಷಿಸಿದರೆ ನಷ್ಟ ನಮಗೇ. ನಿಮ್ಮ ಊರಿನಲ್ಲಿ ಯಾವ ಪ್ರಾಣಿಗೆ ಯಾವ ಹೆಸರು ನಡೆಯುತ್ತದೆ ಎಂಬುದನ್ನು ಹಿರಿಯರೂ ಕುರಿಗಾರರೂ ಕೂಡಿ ಒಂದು ಹಾಳೆಯಲ್ಲಿ ಬರೆಯಿಸಿ, ಶಾಲೆಯ ಮೇಷ್ಟ್ರ ಸಹಾಯದಿಂದ ಅದರ ಎದುರು ಶಾಸ್ತ್ರೀಯ ಹೆಸರು ಸೇರಿಸಿ, ಪಂಚಾಯತಿಯ ಗೋಡೆಗೆ ಹಚ್ಚಿರಿ. ಮುಂದಿನ ಸಲ ಹಟ್ಟಿಗೆ ನಷ್ಟವಾದಾಗ ಆ ಹಾಳೆಯೇ ನಿಮ್ಮ ಅರ್ಜಿಗೆ ಆಧಾರವಾಗುತ್ತದೆ.